ಹಳೇ ಗಾಡಿಯಿಂದ ಹಗುರ ಡ್ರ್ಯಾಗ್ ಕಾರ್: 800, ಝೆನ್, ಎಸ್ಟೀಮ್, ಸಿಟಿ, ಪದ್ಮಿನಿ – ಯಾವುದಕ್ಕೆ ಕೈ ಹಾಕಬೇಕು?

ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಡ್ರ್ಯಾಗ್ ಗಾಡಿಯ, ಅಂದರೆ ನಿಂತಲ್ಲಿಂದ ಚಿಮ್ಮಿ ನೇರ ದಾರಿಯಲ್ಲಿ ಕಾಲು ಮೈಲು ಓಡುವ ಪಂದ್ಯದ ಗಾಡಿಯ ಮಾತು ತೆಗೆದರೆ ಮೊದಲು ಬರುವ ಪ್ರಶ್ನೆ "ಎಷ್ಟು ಎಚ್‌ಪಿ ಮಾಡ್ತೀರಿ?" ಅಂತ. ಮೊದಲು ಕೇಳಬೇಕಾದ್ದು "ಒಂದೊಂದು ಎಚ್‌ಪಿ ಎಷ್ಟು ಕೆ.ಜಿ. ಎಳೀಬೇಕು?" ಅಂತ. ಅದರ ಹಿಂದೆಯೇ ಬರುವ ಎರಡನೇ ಪ್ರಶ್ನೆ, ಆ ಶಕ್ತಿ ನೆಲಕ್ಕೆ ಇಳಿಯುವ ಚಕ್ರದ ಮೇಲೆ ಎಷ್ಟು ಭಾರ ಕೂತಿದೆ ಎನ್ನುವುದು. ಇವೆರಡಕ್ಕೆ ಉತ್ತರ ಗೊತ್ತಾದರೆ ಗಾಡಿಯ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ.

ಕಾಲು ಮೈಲು, ಅಂದರೆ 402 ಮೀಟರ್ ಓಟದ ಸಮಯ ಅಂದಾಜಿಸಲು ಒಂದು ಹಳೆಯ ಲೆಕ್ಕವಿದೆ. ಗಾಡಿ ಮತ್ತು ಚಾಲಕನ ಒಟ್ಟು ತೂಕವನ್ನು ಕೆ.ಜಿ.ಯಲ್ಲಿ ಹಿಡಿದು ಎಚ್‌ಪಿಯಿಂದ ಭಾಗಿಸಿ, ಬಂದ ಸಂಖ್ಯೆಯ ಘನಮೂಲ ತೆಗೆದು 7.58ರಿಂದ ಗುಣಿಸಿದರೆ ಸೆಕೆಂಡುಗಳು ಸಿಗುತ್ತವೆ. ಟೈರ್ ಚೆನ್ನಾಗಿ ಹಿಡಿದಿದೆ ಎಂದು ಈ ಲೆಕ್ಕ ನಂಬುತ್ತದೆ. ಮುಂದಿನ ಚಕ್ರ ಎಳೆಯುವ ಗಾಡಿಗೆ ಸಾಮಾನ್ಯ ರೋಡ್ ಟೈರ್ ಇದ್ದರೆ ಅರ್ಧದಿಂದ ಒಂದು ಸೆಕೆಂಡ್ ಮೇಲೆ ಸೇರಿಸಿಕೊಳ್ಳಿ. ಗಾಡಿ ಗಾಡಿಗೆ ಹೋಲಿಸಲು ಮಾತ್ರ ಇದಕ್ಕಿಂತ ಸುಲಭದ ಅಳತೆ ಇಲ್ಲ. ಕೆಳಗಿನ ಲೆಕ್ಕಗಳಲ್ಲೆಲ್ಲ ಸಾಮಾನು ಬಿಚ್ಚಿದ ಗಾಡಿ, 30–35 ಕೆ.ಜಿ. ರೋಲ್ ಕೇಜ್ (ಗಾಡಿ ಉರುಳಿದರೆ ಚಾಲಕನನ್ನು ಕಾಯುವ ಪೈಪಿನ ಪಂಜರ) ಮತ್ತು 75 ಕೆ.ಜಿ.ಯ ಚಾಲಕ ಸೇರಿದ್ದಾರೆ.

ಐದು ಗಾಡಿಗಳು

ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ಹೆಚ್ಚಿನವಕ್ಕೆ 37 ಎಚ್‌ಪಿ. ಗಾಡಿ ಬರೀ 650 ಕೆ.ಜಿ. ಆಸುಪಾಸು. ತನ್ನದೇ ಎಂಜಿನ್‌ನಲ್ಲಿ ಓಡಿಸಿದರೆ ಲೆಕ್ಕದಲ್ಲಿ 20 ಸೆಕೆಂಡ್ ದಾಟುತ್ತದೆ. ಇದಕ್ಕೆ ಎಸ್ಟೀಮಿನ 1.3 ಲೀಟರ್ ಎಂಜಿನ್ ಕೂರಿಸಿದರೆ ಒಟ್ಟು 705 ಕೆ.ಜಿ.ಗೆ 85 ಎಚ್‌ಪಿ, ಸಮಯ 15.3ರ ಹತ್ತಿರ. ಕಾಗದದ ಮೇಲೆ ಈ ಪಟ್ಟಿಯಲ್ಲಿ ಇದೇ ಮೊದಲು. ಆದರೆ ಬೋನೆಟ್ ಒಳಗೆ ಜಾಗ ಇಕ್ಕಟ್ಟು, ಎಂಜಿನ್ ಮೌಂಟ್, ಕ್ರಾಸ್ ಮೆಂಬರ್, ಡ್ರೈವ್ ಶಾಫ್ಟ್ ಎಲ್ಲವನ್ನೂ ಹೊಸದಾಗಿ ಮಾಡಬೇಕು. 12 ಇಂಚಿನ ಚಕ್ರಕ್ಕೆ ಒಳ್ಳೆಯ ಟೈರ್ ಸಿಗುವುದೂ ಕಷ್ಟ.

ಝೆನ್. 1993ರಿಂದ ಬಂದದ್ದು, 993 ಸಿಸಿ, ಪೂರ್ತಿ ಅಲ್ಯೂಮಿನಿಯಂ ಎಂಜಿನ್, ಕಾರ್ಬುರೇಟರ್ ಗಾಡಿಗೆ 50 ಎಚ್‌ಪಿ, ನಂತರದ ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದಲ್ಲಿ ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿಗೆ 60. ತೂಕ ಸುಮಾರು 730 ಕೆ.ಜಿ. ತನ್ನದೇ ಎಂಜಿನ್‌ನಲ್ಲಿ 50 ಎಚ್‌ಪಿಗೆ 18.4, 60ಕ್ಕೆ 17.3 ಸೆಕೆಂಡ್ ಬರುತ್ತದೆ. ಇದಕ್ಕೂ ಎಸ್ಟೀಮಿಗೂ ಎಂಜಿನ್ ಒಂದೇ ಮನೆತನದ್ದು, ಸುಜುಕಿಯ ಜಿ ಸರಣಿ. ಹಾಗಾಗಿ 1.3 ಇಲ್ಲಿ ಕೂರುವುದಕ್ಕೆ 800ರಷ್ಟು ತಗಾದೆ ಮಾಡುವುದಿಲ್ಲ. ಬಿಚ್ಚಿದ ಗಾಡಿ, ಕೇಜ್, ಚಾಲಕ ಎಲ್ಲ ಸೇರಿ 730 ಕೆ.ಜಿ., 85 ಎಚ್‌ಪಿ, 15.5 ಸೆಕೆಂಡ್. 800ಕ್ಕಿಂತ ಹಿಂದೆ ಬೀಳುವುದು ಸೆಕೆಂಡಿನ ಐದನೇ ಒಂದು ಭಾಗ ಅಷ್ಟೇ, ವೆಲ್ಡಿಂಗ್ ಕೆಲಸ ಮಾತ್ರ ಅರ್ಧಕ್ಕಿಂತ ಕಡಿಮೆ. ಆ ಐದನೇ ಒಂದು ಭಾಗವನ್ನು ಹೊಸ ಚಾಲಕ ಒಂದೇ ಒಂದು ಕೆಟ್ಟ ಗೇರ್ ಬದಲಾವಣೆಯಲ್ಲಿ ಕಳೆಯುತ್ತಾನೆ.

ಎಸ್ಟೀಮ್. 1298 ಸಿಸಿ. ಕಾರ್ಬುರೇಟರ್ ಇದ್ದದ್ದು 65 ಎಚ್‌ಪಿ, ಎಂಪಿಎಫ್‌ಐ 85. ತೂಕ 875 ಕೆ.ಜಿ. ಸುಮಾರು. ಸಾಮಾನು ಬಿಚ್ಚಿ, ಎಂಜಿನ್ ಮುಟ್ಟದೆ 16.4. ಎಂಜಿನ್ ಬದಲಿಸುವ ಕೆಲಸವೇ ಇಲ್ಲ, ವೈರಿಂಗ್ ಕಾರ್ಖಾನೆಯದ್ದೇ. ಮೊದಲ ಬಾರಿ ಡ್ರ್ಯಾಗ್ ಗಾಡಿ ಮಾಡುವವರಿಗೆ ನಮ್ಮ ಸಲಹೆ ಇದೇ. ಎರಡನೇ ವರ್ಷ ಇದರ ಎಂಜಿನ್, ಗೇರ್‌ಬಾಕ್ಸ್, ವೈರಿಂಗ್ ಮೂರನ್ನೂ ಎತ್ತಿ ಝೆನ್ ಬಾಡಿಗೆ ಹಾಕಬಹುದು, ದಾನಿ ಗಾಡಿ ಮನೆಯಲ್ಲೇ ಇದ್ದಂತಾಯಿತು.

ಹೋಂಡಾ ಸಿಟಿ 1.5 ವಿಟೆಕ್, ಮೊದಲ ಪೀಳಿಗೆಯದ್ದು. 106 ಎಚ್‌ಪಿ, ಸುಮಾರು ಒಂದು ಟನ್. ಹಗುರ ಮಾಡಿ ಚಾಲಕನ ಸಮೇತ 970 ಕೆ.ಜಿ. ಎಂದು ಹಿಡಿದರೆ 15.9. ಎಂಜಿನ್ ಮುಟ್ಟದೆ ಇಷ್ಟು ಕೊಡುವ ಗಾಡಿ ಈ ಪಟ್ಟಿಯಲ್ಲಿ ಇದೊಂದೇ. ಗೇರ್‌ಬಾಕ್ಸ್ ಹೋದರೆ ಬದಲಿ ಹುಡುಕಿ ಬೆಂಗಳೂರು, ಪುಣೆ ಸುತ್ತಬೇಕಾಗುತ್ತದೆ, ಮಾರುತಿಯ ಹಾಗೆ ಹತ್ತಿರದ ಗುಜರಿಯಲ್ಲಿ ಸಿಕ್ಕಿಬಿಡುವುದಿಲ್ಲ. ಬಿಡಿಭಾಗದ ದಾರಿ ಮೊದಲೇ ನೋಡಿಕೊಂಡವರು ಧೈರ್ಯವಾಗಿ ಆರಿಸಿ.

ಪ್ರೀಮಿಯರ್ ಪದ್ಮಿನಿ. ಹಿಂದಿನ ಚಕ್ರ ಎಳೆಯುವ ಗಾಡಿ ಎಂಬ ಒಂದೇ ಕಾರಣಕ್ಕೆ ಪ್ರತಿ ಸಲ ಇದರ ಹೆಸರು ಬರುತ್ತದೆ. 1089 ಸಿಸಿ, ಸುಮಾರು 40 ಎಚ್‌ಪಿ, 895 ಕೆ.ಜಿ. ಲೆಕ್ಕ 21 ಸೆಕೆಂಡ್ ದಾಟುತ್ತದೆ. ಜಿಪ್ಸಿ ಕಿಂಗ್‌ನ 1.3 ಎಂಪಿಎಫ್‌ಐ ಎಂಜಿನ್ ಉದ್ದಕ್ಕೆ ಕೂರುವಂಥದ್ದು. ಅದರ ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿನಿಂದ ಬೇರೆಯೇ ಇರುವುದರಿಂದ ಎಂಜಿನ್–ಗೇರ್‌ಬಾಕ್ಸ್ ಜೋಡಿಯನ್ನು ಮಾತ್ರ ತೆಗೆದುಕೊಂಡು ಪದ್ಮಿನಿಗೆ ಹಾಕಬಹುದು. ಫ್ಲೋರಿನ ನಡುವಿನ ಉಬ್ಬು (ಟನಲ್) ಕತ್ತರಿಸಿ, ಪ್ರೊಪೆಲ್ಲರ್ ಶಾಫ್ಟ್ ಹೊಸ ಉದ್ದಕ್ಕೆ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದರೆ 80 ಎಚ್‌ಪಿಯಲ್ಲಿ 17 ಸೆಕೆಂಡ್. ಇಷ್ಟೆಲ್ಲ ಮಾಡಿ ಬಿಚ್ಚಿದ ಎಸ್ಟೀಮಿಗಿಂತ ಹಿಂದೆ. ಪ್ರೀತಿ ಇದ್ದವರು ಮಾಡಲಿ, ಬೇಡ ಅನ್ನುವುದಿಲ್ಲ.

ಓಮ್ನಿ ಬಗ್ಗೆಯೂ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ, ಅದೂ ಹಿಂದಿನ ಚಕ್ರದ್ದಲ್ಲವೇ ಅಂತ. ಹೌದು. ಆದರೆ ಚಾಲಕ ಕೂರುವುದು ಮುಂದಿನ ಚಕ್ರದ ಮೇಲೆ, ಮೊಣಕಾಲಿನ ಮುಂದೆ ತಗಡೊಂದೇ. ಬೇಡ.

ಕೊಳ್ಳುವಾಗ ಬಾಡಿ ನೋಡಿ

ಎಂಜಿನ್ ಹೇಗೂ ಬಿಚ್ಚುವಂಥದ್ದು. ತುಕ್ಕು ಹಿಡಿದ ಬಾಡಿಗೆ ಕೇಜ್ ಬೆಸೆಯುವುದು ಮರಳಿನಲ್ಲಿ ಕಂಬ ನೆಟ್ಟ ಹಾಗೆ. ಹುಬ್ಬಳ್ಳಿ ಮಾರುಕಟ್ಟೆಗೆ ಕಾರವಾರ, ಗೋವಾ ಕಡೆಯ ಗಾಡಿಗಳು ಬರುತ್ತವೆ. ಮೇಲೆ ಹೊಸ ಪೇಂಟ್ ಹೊಳೆಯುತ್ತಿದ್ದರೂ ಕೆಳಗೆ ಕಡಲ ಗಾಳಿಯ ಉಪ್ಪು ತಿಂದಿರುತ್ತದೆ. ಗದಗ, ನವಲಗುಂದ, ರೋಣದ ಕಡೆಯ ಗಾಡಿಗಳ ಕಥೆ ಬೇರೆ: ಎರೆ ಮಣ್ಣು ಬಾಗಿಲ ಕೆಳಗಿನ ಸಿಲ್ ಮತ್ತು ಮಡ್‌ಗಾರ್ಡ್ ಒಳಮೂಲೆಯಲ್ಲಿ ಮೆತ್ತಿಕೊಂಡು ಮಳೆಗಾಲವಿಡೀ ನೀರು ಹಿಡಿದಿಟ್ಟು ಒಳಗಿಂದ ಕೊರೆಯುತ್ತದೆ. ಸಣ್ಣ ಸ್ಕ್ರೂಡ್ರೈವರ್ ಹಿಡಿದು ಸಿಲ್‌ನ ತಳ, ಹಿಂದಿನ ಸಸ್ಪೆನ್ಷನ್ ಕೂರುವ ಜಾಗ, ಮುಂದಿನ ಸ್ಟ್ರಟ್ ಟವರ್ (ಸಸ್ಪೆನ್ಷನ್‌ನ ಮೇಲ್ತುದಿ ಕೂರುವ ಜಾಗ), ಚಾಲಕನ ಕಾಲಡಿಯ ಫ್ಲೋರ್ ಒತ್ತಿ ನೋಡಿ. ತಗಡು ಒಳಗೆ ಹೋದರೆ ಆ ಗಾಡಿ ಬಿಡಿ. ಮ್ಯಾಗ್ನೆಟ್ ಹಿಡಿಯದ ಕಡೆ ಪುಟ್ಟಿ ಮೆತ್ತಿದ್ದಾರೆ ಎಂದು ಅರ್ಥ.

ಆರ್‌ಸಿಗೆ 15 ವರ್ಷ ತುಂಬಿ ನವೀಕರಣ ಆಗದ ಗಾಡಿ ಅಗ್ಗಕ್ಕೆ ಸಿಗುತ್ತದೆ. ರಸ್ತೆಗಿಳಿಯದ ಗಾಡಿಗೆ ಅದೇ ಸಾಕು, ಆದರೆ ಕಾಗದ ಬಿಡಬೇಡಿ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, ಫಾರ್ಮ್ 30ಕ್ಕೆ ಮಾಲೀಕರ ಸಹಿ, ಸಾಲ ಇದ್ದಿದ್ದರೆ ಫಾರ್ಮ್ 35. ಕೆಎ-25, 63, 26, 27, ಯಾವ ಆರ್‌ಟಿಓ ಗಾಡಿಯಾದರೂ ಚಾಸಿಸ್ ನಂಬರ್ ಕಣ್ಣಾರೆ ತಾಳೆ ನೋಡಿ, ಮತ್ತು ಆ ನಂಬರ್ ಇರುವ ತಗಡನ್ನು ಹಗುರ ಮಾಡುವ ಹುರುಪಿನಲ್ಲಿ ಕತ್ತರಿಸಬೇಡಿ. ಗಾಡಿಯನ್ನು ರಸ್ತೆಗೆ ಶಾಶ್ವತವಾಗಿ ಬಾರದ ಹಾಗೆ ಮಾಡಿದ ಮೇಲೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ.

ಬೈಪಾಸಿನಲ್ಲೋ ಹೊಸ ಲೇಔಟ್ ರಸ್ತೆಯಲ್ಲೋ ರಾತ್ರಿ ಓಡಿಸಿ ನೋಡುವ ಯೋಚನೆ ಇದ್ದರೆ ಇಲ್ಲಿಗೇ ನಿಲ್ಲಿಸಿ. ಅದೇ ಕಾಯ್ದೆಯ 189ನೇ ಕಲಂ ಪ್ರಕಾರ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೇಜ್ ಹಾಕಿ ಸೀಟು ಕಿತ್ತ ಗಾಡಿ ರಸ್ತೆಯಲ್ಲಿ ಕಂಡರೆ ಗಾಡಿ ಮಾರ್ಪಾಡಿಗೆ ದಂಡಿಸುವ 182ಎ ಕಲಂ ಬೇರೆ. ಇಲ್ಲಿಂದ ಟ್ರ್ಯಾಕಿಗೆ ಲಾರಿ ಮೇಲೆ ಅಥವಾ ಟ್ರೇಲರ್ ಮೇಲೆಯೇ ಒಯ್ಯಬೇಕು.

ತೂಕ: ಎಲ್ಲಿಂದ ತೆಗೆಯಬೇಕು, ಎಲ್ಲಿಂದ ಬಾರದು

730 ಕೆ.ಜಿ.ಯ ಗಾಡಿಯಲ್ಲಿ 10 ಕೆ.ಜಿ. ಇಳಿಸಿದರೆ 0.07 ಸೆಕೆಂಡ್ ಉಳಿಯುತ್ತದೆ. ಈ ದರ ತಲೆಯಲ್ಲಿಟ್ಟುಕೊಂಡರೆ ಯಾವ ಕೆಲಸಕ್ಕೆ ಎಷ್ಟು ದಿನ ಕೊಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಸುಲಭದ್ದು. ಎಸಿಯ ಕಂಪ್ರೆಸರ್, ಕಂಡೆನ್ಸರ್, ಕೂಲಿಂಗ್ ಕಾಯಿಲ್, ಪೈಪು ಸೇರಿ 20–25 ಕೆ.ಜಿ. ಹಿಂದಿನ ಸೀಟು 15–20. ಸ್ಟೆಪ್ನಿ, ಜಾಕ್, ಪಾನಾ ಸೇರಿ 13–14. ಪಕ್ಕದ ಸೀಟು 10–12. ಕಾರ್ಪೆಟ್, ಬಾಗಿಲ ಪ್ಯಾಡ್, ರೂಫ್ ಲೈನಿಂಗ್ ಒಟ್ಟು 12–15. ಟ್ಯಾಂಕಿನಲ್ಲಿ 8 ಲೀಟರ್ ಸಾಕು, ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆ.ಜಿ. ತೂಗುತ್ತದೆ. 8ಕ್ಕಿಂತ ಕಡಿಮೆ ಮಾಡಿದರೆ ಬಿಟ್ಟ ಕೂಡಲೇ ಪೆಟ್ರೋಲ್ ಹಿಂದಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತದೆ, ಎರಡನೇ ಗೇರಿನಲ್ಲಿ ಗಾಡಿ ಮುಗ್ಗರಿಸುತ್ತದೆ. ಹೊಸಬರು ಇದನ್ನು ಇಗ್ನಿಷನ್ ತೊಂದರೆ ಎಂದುಕೊಂಡು ಕಾಯಿಲ್ ಬದಲಿಸುತ್ತಾ ಕೂರುತ್ತಾರೆ.

ಫ್ಲೋರಿನ ಡಾಂಬರ್ ಶೀಟನ್ನು ಹೀಟ್ ಗನ್ ಹಿಡಿದು ಕೆರೆಯಲು ಎರಡು ದಿನ ಬೇಕು, ಸಿಗುವುದು ನಾಲ್ಕೈದು ಕೆ.ಜಿ. ಕೇಜ್ ಬೆಸೆಯುವ ಜಾಗದ್ದು ಹೇಗೂ ತೆಗೆಯಲೇಬೇಕು, ಇಲ್ಲದಿದ್ದರೆ ವೆಲ್ಡಿಂಗಿಗೆ ಹೊತ್ತಿ ಉರಿಯುತ್ತದೆ. ಉಳಿದದ್ದನ್ನು ಕೊನೆಗೆ ನೋಡಿಕೊಳ್ಳಿ. ಹಿಂದಿನ ಗಾಜು ಮತ್ತು ಪಕ್ಕದ ಗಾಜುಗಳಿಗೆ 3 ಮಿ.ಮೀ. ಪಾಲಿಕಾರ್ಬೊನೇಟ್ ಹಾಕಿದರೆ ಆ ಭಾಗದ ತೂಕ ಅರ್ಧಕ್ಕೆ ಇಳಿಯುತ್ತದೆ. ಬೋರ್ಡ್ ಅಂಗಡಿಯ ಅಕ್ರಿಲಿಕ್ ಶೀಟ್ ನೋಡಲು ಹಾಗೇ ಇರುತ್ತದೆ, ಒಡೆದರೆ ಮಾತ್ರ ಚೂರಿಯ ಹಾಗೆ ಚೂಪು. ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿಯೇ ಇರಲಿ.

ತೆಗೆಯಬಾರದ್ದು: ಬ್ರೇಕ್ ಬೂಸ್ಟರ್, ಹಿಂದಿನ ಬ್ರೇಕ್, ಕ್ಯಾಬಿನ್ ಮತ್ತು ಟ್ಯಾಂಕ್ ನಡುವಿನ ತಗಡು, ಸ್ಟ್ರಟ್ ಟವರ್ ಸುತ್ತಲಿನ ಯಾವುದೇ ಲೋಹ. 15.5 ಸೆಕೆಂಡಿನ ಗಾಡಿ ಗೆರೆ ದಾಟುವಾಗ ಸುಮಾರು 140 ಕಿ.ಮೀ. ವೇಗದಲ್ಲಿರುತ್ತದೆ, ಅದನ್ನು ನಿಲ್ಲಿಸುವುದೂ ಓಟದ ಭಾಗವೇ.

ಇನ್ನು ಬ್ಯಾಟರಿ. ಇಂಟರ್ನೆಟ್ಟಿನಲ್ಲಿ ಎಲ್ಲರೂ ಅದನ್ನು ಡಿಕ್ಕಿಗೆ ಹಾಕಿ ಎನ್ನುತ್ತಾರೆ. ಅದು ಹಿಂದಿನ ಚಕ್ರ ಎಳೆಯುವ ಅಮೆರಿಕದ ಗಾಡಿಗಳ ಬುದ್ಧಿ. ಝೆನ್‌ನ ಲೆಕ್ಕ ನೋಡಿ: 730 ಕೆ.ಜಿ.ಯಲ್ಲಿ ಶೇ 62 ಮುಂದೆ ಕೂತಿದ್ದರೆ ನಿಂತಾಗ ಮುಂದಿನ ಚಕ್ರಗಳ ಮೇಲೆ 453 ಕೆ.ಜಿ. ಗಾಡಿ ಜೋರಾಗಿ ಚಿಮ್ಮುವಾಗ, ಅಂದರೆ ಗುರುತ್ವದ ಅರ್ಧದಷ್ಟು ವೇಗೋತ್ಕರ್ಷದಲ್ಲಿ, ಸುಮಾರು 78 ಕೆ.ಜಿ. ಹಿಂದಕ್ಕೆ ವಾಲುತ್ತದೆ. ಎಳೆಯುವ ಚಕ್ರದ ಮೇಲೆ ಉಳಿಯುವುದು 375. ಪದ್ಮಿನಿಯಲ್ಲಿ ಇದೇ ವಾಲುವಿಕೆ ಲಾಭ, ಉಳಿದ ನಾಲ್ಕು ಗಾಡಿಗಳಲ್ಲಿ ನಷ್ಟ. ಆದ್ದರಿಂದ ಮುಂದಿನ ಚಕ್ರದ ಗಾಡಿಯಲ್ಲಿ ಬ್ಯಾಟರಿ ಮುಂದೆಯೇ ಇರಲಿ, ತೂಕವನ್ನೆಲ್ಲ ಹಿಂದಿನಿಂದ ಕೀಳಿ, ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡಿ ಗಾಡಿ ಕೂರದಂತೆ ತಡೆಯಿರಿ. ಮುಂದಿನ ಟೈರಿಗೆ 18–20 ಪಿಎಸ್‌ಐ, ಹಿಂದಿನದಕ್ಕೆ 38–40ರಿಂದ ಶುರು ಮಾಡಿ. ಹೆಸರಿಗೆ ನೀರಿನ ಮೇಲೆ ಎರಡು ಮೂರು ಸೆಕೆಂಡ್ ಚಕ್ರ ತಿರುಗಿಸಿ ಕಲ್ಲುಪುಡಿ ಉದುರಿಸಿದರೆ ಸಾಕು. ಹೊಗೆ ಎಬ್ಬಿಸುವುದು ವಿಡಿಯೋಗೆ ಚೆಂದ, ರೋಡ್ ಟೈರಿಗೆ ಅದರಿಂದ ಲಾಭವಿಲ್ಲ.

ತೂಕ ನೋಡಲು ಅಮರಗೋಳದ ಎಪಿಎಂಸಿ ಕಡೆಯ ಲಾರಿ ವೇಬ್ರಿಜ್‌ಗೆ ಹೋದರೆ ಒಟ್ಟು ಅಂದಾಜು ಸಿಗುತ್ತದೆ, ಆದರೆ ಅದರ ಮುಳ್ಳು 5–10 ಕೆ.ಜಿ.ಗೊಮ್ಮೆ ಜಿಗಿಯುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ತೂಗುವಂಥ 300 ಕೆ.ಜಿ. ಪ್ಲಾಟ್‌ಫಾರ್ಮ್ ತಕ್ಕಡಿ ನಾಲ್ಕು ತಂದು, ನೆಲ ಮಟ್ಟ ನೋಡಿ, ಚಕ್ರಕ್ಕೊಂದು ಇಟ್ಟರೆ ಮುಂದೆ ಎಷ್ಟು, ಹಿಂದೆ ಎಷ್ಟು ಎಂಬುದು ಗ್ರಾಂ ಲೆಕ್ಕಕ್ಕೆ ಹತ್ತಿರ ಬರುತ್ತದೆ. ಚಾಲಕ ಒಳಗೆ ಕೂತಿರಲಿ.

ಕೇಜ್

ಇದರಲ್ಲಿ ಉಳಿತಾಯ ಬೇಡ. ಎಫ್‌ಐಎ (ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದ ಪ್ರಕಾರ ಕೋಲ್ಡ್ ಡ್ರಾನ್ ಸೀಮ್‌ಲೆಸ್ ಪೈಪ್, ಕನಿಷ್ಠ 350 ನ್ಯೂಟನ್ ಪ್ರತಿ ಚದರ ಮಿ.ಮೀ. ಕರ್ಷಣ ಬಲ. ಚಾಲಕನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ 2.5 ದಪ್ಪ, ಅಥವಾ 50 ವ್ಯಾಸ 2.0 ದಪ್ಪ. ಉಳಿದದ್ದಕ್ಕೆ 38–2.5 ಅಥವಾ 40–2.0. ತಳದಲ್ಲಿ ಬಾಡಿಗೆ ಬೆಸೆಯುವ ಪ್ಲೇಟು 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ.ಗೆ ಕಡಿಮೆ ಇರಬಾರದು. 45–2.5 ಪೈಪ್ ಮೀಟರಿಗೆ 2.6 ಕೆ.ಜಿ., 40–2.0 ಪೈಪ್ 1.9 ಕೆ.ಜಿ. ಝೆನ್‌ಗೆ ಮುಖ್ಯ ಕಮಾನು ಮೂರೂವರೆ ಮೀಟರ್, ಉಳಿದದ್ದು 11 ಮೀಟರ್, ಪ್ಲೇಟು ಸೇರಿ 32 ಕೆ.ಜಿ. ಆಗುತ್ತದೆ.

ಕಿಟಕಿ ಗ್ರಿಲ್ ಮಾಡುವವರು ಇದೇ ಆಕಾರವನ್ನು ಜಿಐ ನೀರಿನ ಪೈಪಿನಲ್ಲಿ ಅರ್ಧ ಬೆಲೆಗೆ ಮಾಡಿಕೊಡುತ್ತೇವೆ ಅನ್ನುತ್ತಾರೆ. ಆ ಪೈಪಿಗೆ ಉದ್ದಕ್ಕೂ ಸೀಮ್ ಇರುತ್ತದೆ, ಬಗ್ಗಿಸಿದಲ್ಲಿ ಅಥವಾ ಪೆಟ್ಟು ಬಿದ್ದಲ್ಲಿ ಅದೇ ಸೀಳುತ್ತದೆ. ಮೇಲಿನ ಸತುವು ವೆಲ್ಡಿಂಗ್ ಹಾಳು ಮಾಡುವುದಲ್ಲದೆ ಅದರ ಹೊಗೆ ಬೆಸೆಯುವವನಿಗೆ ಚಳಿಜ್ವರ ತರಿಸುತ್ತದೆ. ತಾರಿಹಾಳ, ರಾಯಾಪುರದ ಕೈಗಾರಿಕಾ ಪ್ರದೇಶಗಳಲ್ಲಿ ಟಿಗ್ ಅಥವಾ ಮಿಗ್ ವೆಲ್ಡಿಂಗ್ ಮಾಡುವ, ಮ್ಯಾಂಡ್ರೆಲ್ ಬೆಂಡರ್ (ಪೈಪ್ ಚಪ್ಪಟೆಯಾಗದಂತೆ ಬಗ್ಗಿಸುವ ಯಂತ್ರ) ಇರುವ ವರ್ಕ್‌ಶಾಪ್ ಹುಡುಕಿ. ಬೆಂಡಿನ ಒಳಮಗ್ಗುಲಲ್ಲಿ ಸುಕ್ಕು ಬಿದ್ದಿದ್ದರೆ ಆ ಪೈಪ್ ವಾಪಸ್ ಕೊಡಿ.

ಝೆನ್‌ಗೆ 1.3 ಹಾಕುವಾಗ ಎಡವುವ ಜಾಗಗಳು

ಎಂಜಿನ್ ಕೊಳ್ಳುವ ಮುಂಚೆ ಕಂಪ್ರೆಷನ್ ನೋಡಿ. ಎಂಜಿನ್ ಬಿಸಿ ಇರಲಿ, ನಾಲ್ಕೂ ಪ್ಲಗ್ ಬಿಚ್ಚಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿರಲಿ. ಚದರ ಸೆಂ.ಮೀ.ಗೆ 12 ಕೆ.ಜಿ.ಗಿಂತ ಕೆಳಗೆ ಇದ್ದರೆ, ಅಥವಾ ಸಿಲಿಂಡರ್‌ಗಳ ನಡುವೆ ಒಂದು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ರಿಂಗ್ ಅಥವಾ ವಾಲ್ವ್ ಕೆಲಸ ಬಾಕಿ ಇದೆ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಎರಡನ್ನೂ ಎಂಜಿನ್ ಹೊರಗಿರುವಾಗಲೇ ಬದಲಿಸಿ.

ಎಂಪಿಎಫ್‌ಐ ತೆಗೆದುಕೊಳ್ಳುವುದಾದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಪೂರ್ತಿ ವೈರಿಂಗ್, ಥ್ರಾಟಲ್ ಬಾಡಿ, ಸೆನ್ಸರ್, ಫ್ಯುಯೆಲ್ ಪಂಪ್ ಎಲ್ಲ ಒಂದೇ ಗಾಡಿಯಿಂದ ಬರಲಿ. ವೈರ್ ಕತ್ತರಿಸಿ ಕೊಡುವ ಗುಜರಿಯವರಿಗೆ ಮುಂಗಡ ಕೊಟ್ಟು, ಕನೆಕ್ಟರ್ ಬಿಚ್ಚಿಯೇ ಕೊಡಿ ಎಂದು ಹೇಳಿಡಿ. ಕಾರ್ಬುರೇಟರ್ ಝೆನ್‌ನ ಪಂಪಿಗೆ ಇಂಜೆಕ್ಟರ್ ಕೇಳುವ ಒತ್ತಡ ಕೊಡುವ ಶಕ್ತಿ ಇಲ್ಲ. ಹಳೇ ರಬ್ಬರ್ ಪೈಪೂ ತಡೆಯುವುದಿಲ್ಲ, ಇಂಜೆಕ್ಷನ್ ಹೋಸ್ ಹಾಕಿ. ಈಗ ಬಂಕಿನಲ್ಲಿ ಸಿಗುವ ಶೇ 20 ಎಥೆನಾಲ್ ಪೆಟ್ರೋಲ್ ಹಳೇ ರಬ್ಬರನ್ನು ಉಬ್ಬಿಸಿ ಸೀಳುವುದರಿಂದ ಈ ಕೆಲಸ ಕಾರ್ಬುರೇಟರ್ ಗಾಡಿಗೂ ತಪ್ಪಿದ್ದಲ್ಲ.

ಫ್ಲೈವೀಲ್, ಕ್ಲಚ್ ಎಸ್ಟೀಮಿನದ್ದೇ ಇರಲಿ. ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಹಲ್ಲುಗಳನ್ನು ಎಣಿಸಿ ಕ್ಲಚ್ ಪ್ಲೇಟಿಗೆ ತಾಳೆ ನೋಡಿ, ಡ್ರೈವ್ ಶಾಫ್ಟ್ ಉದ್ದ ಅಳೆಯಿರಿ, ಆಮೇಲೆ ದುಡ್ಡು ಕೊಡಿ. ಫ್ಲೈವೀಲನ್ನು ಲೇಥ್‌ಗೆ ಹಾಕಿ ಸಣ್ಣ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ನಿಂತಲ್ಲಿಂದ ಚಿಮ್ಮಲು ಆ ತೂಕದ ರಭಸವೇ ಬೇಕು. ಎರಕದ ಫ್ಲೈವೀಲ್ ಅತಿಯಾಗಿ ತೆಳುವಾದರೆ 7,000 ಆರ್‌ಪಿಎಂನಲ್ಲಿ ಸಿಡಿದು ಚೂರುಗಳು ಕ್ಯಾಬಿನ್ ಒಳಕ್ಕೂ ಬರಬಹುದು.

ಎಂಜಿನ್ ಮೌಂಟ್ ಮೆತ್ತಗಿದ್ದರೆ ಬಿಟ್ಟ ತಕ್ಷಣ ಚಕ್ರ ಟಕಟಕ ಕುಣಿಯುತ್ತದೆ. ಸಿವಿ ಜಾಯಿಂಟ್ (ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಕೀಲು) ಮುರಿಯುವುದು ಹೆಚ್ಚಾಗಿ ಶಕ್ತಿಯಿಂದಲ್ಲ, ಈ ಕುಣಿತದಿಂದ. ಕುಣಿತ ಶುರುವಾದರೆ ಆಕ್ಸಿಲರೇಟರ್ ಬಿಡಿ. ಮೌಂಟಿನ ಖಾಲಿ ಜಾಗಕ್ಕೆ ಪಾಲಿಯುರೆಥೇನ್ ತುಂಬಿದರೆ ಬಹುಪಾಲು ನಿಲ್ಲುತ್ತದೆ, ಸ್ಟೀರಿಂಗ್ ಮಾತ್ರ ಹಲ್ಲು ಅದುರುವಷ್ಟು ನಡುಗುತ್ತದೆ.

ಎಂಜಿನ್ ಬದಲಿಸಿದರೆ ಸಿಸಿ ವರ್ಗವೂ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. 993ರ ಝೆನ್ ಸಣ್ಣ ಗಾಡಿಗಳ ಜೊತೆ ಓಡುತ್ತಿತ್ತು, 1298 ಆದ ಮೇಲೆ ಎದುರಾಳಿಗಳೇ ಬೇರೆ. ಎಫ್‌ಎಂಎಸ್‌ಸಿಐ (ದೇಶದ ಮೋಟಾರು ಕ್ರೀಡೆಯ ಸಂಸ್ಥೆ) ಅನುಮತಿ ಇರುವ ಸ್ಪರ್ಧೆಯ ನಿಯಮಪತ್ರ ಓದಿ, ಆಮೇಲೆ ಎಂಜಿನ್ ಆರಿಸಿ.

ಇಲ್ಲಿನ ಗಾಳಿ, ಅಲ್ಲಿನ ಗಾಳಿ

ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಗಾಳಿ ಶೇ 6ರಷ್ಟು ತೆಳು, ಎಂಜಿನ್ ಶಕ್ತಿಯೂ ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತದೆ, ಸಮಯದಲ್ಲಿ 0.3 ಸೆಕೆಂಡ್ ಹೋಗುತ್ತದೆ. ಎಂಪಿಎಫ್‌ಐ ಗಾಡಿ ಒತ್ತಡ ಅಳೆದು ತಾನೇ ಹೊಂದಿಕೊಳ್ಳುತ್ತದೆ. ಕಾರ್ಬುರೇಟರ್ ಹಾಗಲ್ಲ. ಇಲ್ಲಿ ಸರಿಯಾಗಿ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಬಿಡಿಭಾಗ) ಕೂರಿಸಿದ ಗಾಡಿಯನ್ನು 700 ಕಿ.ಮೀ.ಗೂ ದೂರದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಒಯ್ದರೆ, ಸಮುದ್ರಮಟ್ಟದ ದಟ್ಟ ಗಾಳಿಗೆ ಪೆಟ್ರೋಲ್ ಸಾಲದೆ ಬಡಿತ (ಸಿಲಿಂಡರಿನೊಳಗೆ ಇಂಧನ ಹತೋಟಿ ತಪ್ಪಿ ಸಿಡಿಯುವುದು) ಶುರುವಾಗಬಹುದು, ಹಾಗೇ ಓಡಿಸುತ್ತಿದ್ದರೆ ಪಿಸ್ಟನ್ ತಲೆ ತೂತಾಗಬಹುದು. ಶೇ 20 ಎಥೆನಾಲ್ ಇದೇ ಗಾಯಕ್ಕೆ ಉಪ್ಪು ಸವರುತ್ತದೆ: ಶುದ್ಧ ಪೆಟ್ರೋಲಿಗಿಂತ ಶೇ 7–8 ಹೆಚ್ಚು ಇಂಧನ ಬೇಕು.

ಹಾಗಾಗಿ ಕಾರ್ಬುರೇಟರ್ ಗಾಡಿಯ ಜೊತೆ ಎರಡು ಸೈಜ್ ದೊಡ್ಡ ಮೇನ್ ಜೆಟ್ ಒಯ್ಯಿರಿ. ಮೊದಲ ಓಟಕ್ಕೆ ದೊಡ್ಡದನ್ನೇ ಹಾಕಿ. ಗೆರೆ ದಾಟಿದ ಕೂಡಲೇ ಕ್ಲಚ್ ಒತ್ತಿ ಎಂಜಿನ್ ನಿಲ್ಲಿಸಿ, ವೇಗವಿರುವಾಗ ಸ್ಟೀರಿಂಗ್ ಲಾಕ್ ಆಗದಂತೆ ಕೀಲಿ ಕೀಳದೆ ಕಿಲ್ ಸ್ವಿಚ್ ಬಳಸಿ. ಗಾಡಿ ಪೂರ್ತಿ ನಿಂತ ಮೇಲೆ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ಬಿಸ್ಕತ್ತಿನ ಬಣ್ಣದ್ದಿದ್ದರೆ ಸರಿ, ಮಸಿ ಕಪ್ಪಿದ್ದರೆ ಒಂದು ಸೈಜ್ ಕೆಳಗೆ ಇಳಿಯಿರಿ, ಬೆಳ್ಳಗೆ ಸುಟ್ಟು ಮೇಲೆ ಸಣ್ಣ ಹೊಳಪಿನ ಚುಕ್ಕೆ ಕಂಡರೆ ಅಲ್ಯೂಮಿನಿಯಂ ಕರಗಲು ಶುರುವಾಗಿದೆ, ಆ ದಿನಕ್ಕೆ ಗಾಡಿ ಲಾರಿ ಹತ್ತಿಸಿ.